ಐವತ್ತೇಳನೇ ನಂಬರಿನ ತಟ್ಟೆ

ಐವತ್ತೇಳನೇ ನಂಬರಿನ ತಟ್ಟೆಯನ್ನು ರಾಜಮ್ಮ ಎರಡನೇ ಸಲ ಉಜ್ಜುತ್ತಿದ್ದಳು. ಅದರಲ್ಲಿ ಜಿಡ್ಡಿರಲಿಲ್ಲ, ಅನ್ನದ ಒಂದು ಅಗುಳೂ ಇರಲಿಲ್ಲ. ಇರುವುದಾದರೂ ಹೇಗೆ, ಆರು ತಿಂಗಳಿಂದ ಅದರಲ್ಲಿ ಯಾರೂ ಉಂಡೇ ಇರಲಿಲ್ಲ. ಆದರೂ ದಿನಾ ಮಧ್ಯಾಹ್ನ ಮಿಕ್ಕ ಇನ್ನೂರು ಚಿಲ್ಲರೆ ತಟ್ಟೆಗಳ ಜೊತೆ ಅದನ್ನೂ, ನಲವತ್ತೊಂದನ್ನೂ, ಅರವತ್ತಮೂರನ್ನೂ ಗೂಡಿನಿಂದ ಇಳಿಸಿ, ಪುಡಿ ಹಾಕಿ ತಿಕ್ಕಿ, ನೀರಿನಲ್ಲಿ ಅದ್ದಿ, ಬೋರಲು ಹಾಕುವುದನ್ನು ಅವಳು ಬಿಟ್ಟಿರಲಿಲ್ಲ.

ಗುಜರಾತಿನ ವಡೋದರದ ಅಂಚಿಗಿರುವ ಮಕರಪುರದ ಆ ಕಾರ್ಖಾನೆಯಲ್ಲಿ ಮೋಟರು, ಟ್ರಾನ್ಸ್‌ಫಾರ್ಮರುಗಳಿಗೆ ತಂತಿ ಸುತ್ತುತ್ತಿದ್ದರು. ಹತ್ತೂರಿನ, ಹತ್ತು ಜಾತಿಯ ಜನ. ಒಬ್ಬರುಂಡ ತಟ್ಟೆಯಲ್ಲಿ ಇನ್ನೊಬ್ಬರು ಉಣ್ಣುವುದಿಲ್ಲವೆಂದು ಹಿಂದೊಮ್ಮೆ ದೊಡ್ಡ ಜಗಳವಾಗಿ, ತಲೆಗೊಂದು ತಟ್ಟೆ ಎಂದು ಗೊತ್ತು ಮಾಡಿ, ಅಂಚಿನಲ್ಲಿ ನಂಬರು ಕೊರೆಸಿದ್ದರು. ಅಂದಿನಿಂದ ರಾಜಮ್ಮನಿಗೆ ಮುಖಗಳಿಗಿಂತ ನಂಬರುಗಳ ಪರಿಚಯವೇ ಹೆಚ್ಚು. ಹದಿನೆಂಟನೆಯವನು ಅನ್ನ ಬಿಡುತ್ತಾನೆ. ತೊಂಬತ್ತೆರಡನೆಯವನು ಮೆಣಸಿನಕಾಯಿಯ ತೊಟ್ಟುಗಳನ್ನು ಸಾಲಾಗಿ ಜೋಡಿಸಿಡುತ್ತಾನೆ. ಐವತ್ತೇಳನೆಯವನು ಬುಧವಾರದ ಮೊಟ್ಟೆ ಮುಟ್ಟುತ್ತಿರಲಿಲ್ಲ. ಅವನ ಹೆಸರು ಮಗನ್. ದಾಹೋದ್ ಕಡೆಯ ಆದಿವಾಸಿ, ಭಗತ. ಮಾಂಸ, ಹೆಂಡ ಎರಡನ್ನೂ ಬಿಟ್ಟು ಕೊರಳಿಗೆ ತುಳಸಿಮಣಿ ಕಟ್ಟಿಕೊಂಡವರನ್ನು ಅವರಲ್ಲಿ ಹಾಗೆನ್ನುತ್ತಾರೆ.

"ರಾಜುಬೆನ್!" ಬಾಗಿಲಲ್ಲಿ ಟೈಮ್ ಆಫೀಸಿನ ಗುಮಾಸ್ತ ರಜನಿಭಾಯ್ ನಿಂತಿದ್ದ. ಗುಜರಾತಿಗಳ ಬಾಯಲ್ಲಿ ಅವಳು ರಾಜಮ್ಮ ಹೋಗಿ ರಾಜುಬೆನ್, ಅಂದರೆ ರಾಜು ಅಕ್ಕ, ಆಗಿ ಇಪ್ಪತ್ತೆರಡು ವರ್ಷವಾಗಿತ್ತು. "ಎರಡು ಗಂಟೆಗೆ ಸಾಹೇಬರ ರೂಮಿಗೆ ಬಾ. ಕಾಗದ ತಯಾರಾಗಿದೆ. ಕೈ ಚೆನ್ನಾಗಿ ಒರೆಸಿಕೊಂಡು ಬಾ ಮತ್ತೆ, ಹೆಬ್ಬೆಟ್ಟು ಒದ್ದೆಯಿದ್ದರೆ ಗುರುತು ಕದಡಿ ಹೋಗುತ್ತೆ."

"ಎರಡು ಗಂಟೆಗೆ ತಟ್ಟೆ ಮುಗಿಯಲ್ಲ ಭಾಯ್."

"ಅರೇ, ತಟ್ಟೆ ಎಲ್ಲಿಗೆ ಓಡಿಹೋಗುತ್ತೆ? ನೀನೇ ಎಲ್ಲಿಗೂ ಹೋಗುವ ಹಾಗಿಲ್ಲ!" ಎಂದು ತನ್ನ ಮಾತಿಗೆ ತಾನೇ ನಕ್ಕು ಹೋದ.

ಅದು ನಗುವ ಮಾತಾಗಿರಲಿಲ್ಲ, ನಿಜವಾಗಿತ್ತು. ರಾಜಮ್ಮನ ಕೋಣೆ ಕ್ಯಾಂಟೀನಿನ ಬೆನ್ನಿಗೇ ಅಂಟಿಕೊಂಡಿತ್ತು, ಅಂದರೆ ಕಾಂಪೌಂಡಿನ ಒಳಗೇ. ದಾವಣಗೆರೆಯ ಬಟ್ಟೆಗಿರಣಿ ಮುಚ್ಚಿದ ಮೇಲೆ ಗಂಡ ದೊಡ್ಡಣ್ಣನ ಹಿಂದೆ ವಡೋದರಕ್ಕೆ ಬಂದವಳು ಅವಳು. ಅವನು ಈ ಕಾರ್ಖಾನೆಯಲ್ಲಿ ಟರ್ನರ್ ಆಗಿದ್ದು ಹನ್ನೊಂದು ವರ್ಷದ ಹಿಂದೆ ಜ್ವರದಲ್ಲಿ ತೀರಿಕೊಂಡ ಮೇಲೆ ಈ ಪಾತ್ರೆಯ ಕೆಲಸ, ಈ ಕೋಣೆ, ಎರಡನ್ನೂ ಕೊಟ್ಟಿದ್ದರು. ಮಕ್ಕಳಿಲ್ಲ. ಊರಿನಲ್ಲಿ ಹೇಳಿಕೊಳ್ಳುವಂಥ ಯಾರೂ ಉಳಿದಿಲ್ಲ. ಮೊದಲೆಲ್ಲ ಭಾನುವಾರ ಗೇಟು ದಾಟಿ ಮಾಂಜಲ್‌ಪುರದ ಕನ್ನಡ ಸಂಘಕ್ಕೆ ರೊಟ್ಟಿ ಬಡಿಯಲು ಹೋಗುತ್ತಿದ್ದಳು. ಈಗ ಮೂರು ವಾರದಿಂದ ಅದೂ ಇಲ್ಲ. "ವಿಚಾರಣೆ ಮುಗಿಯೋವರೆಗೂ ಹೊರಗೆ ಬೇಡ, ನಿನ್ನ ಒಳ್ಳೇದಕ್ಕೇ" ಎಂದು ಅಪ್ಪಣೆಯಾಗಿತ್ತು. ವಾಚ್‌ಮನ್ ಅವಳು ನಲ್ಲಿಗೆ ಹೋದರೂ ಕತ್ತೆತ್ತಿ ನೋಡುತ್ತಿದ್ದ.

ಇದಕ್ಕೆಲ್ಲ ಮೂಲ ಆ ಮೂರು ತಟ್ಟೆ.

ಹೋಳಿ ಹಬ್ಬಕ್ಕೆ ನಾಲ್ಕು ದಿನ ಮುಂಚೆ, ಶುಕ್ರವಾರ. ಊಟವಾದ ಮೇಲೆ ಗುತ್ತಿಗೆಯ ಮೂವರನ್ನು, ಮಗನ್, ಕಾಳು, ದಿತ್ಯಾ ಇವರನ್ನು ವಾರ್ನಿಷ್ ತೊಟ್ಟಿಯ ತಳ ಕೆರೆಯಲು ಇಳಿಸಿದ್ದರು. ಆ ತೊಟ್ಟಿಯ ಹತ್ತಿರ ಸುಮ್ಮನೆ ಹಾದುಹೋದರೇ ಅದರ ಘಾಟಿಗೆ ತಲೆ ತಿರುಗುತ್ತದೆ. ಎರಡು ಗಂಟೆಯ ಹೊತ್ತಿಗೆ ಕೂಗಾಟ ಕೇಳಿತು. ಮೂರಕ್ಕೆ ಹಿಂದಿನ ಗೇಟಿನಿಂದ ಟಾರ್ಪಾಲು ಹೊದಿಸಿದ ಟೆಂಪೊ ಒಂದು ಹೋದದ್ದನ್ನು ರಾಜಮ್ಮ ಕ್ಯಾಂಟೀನಿನ ಕಿಟಕಿಯಿಂದ ಕಂಡಳು. ಅಂದು ಓವರ್‌ಟೈಮಿನವರಿಗೆ ಸಂಜೆ ಊಟವಿತ್ತು. ಎಲ್ಲರ ತಟ್ಟೆ ಗೂಡಿನಿಂದ ಇಳಿದವು, ಮೂರು ಮಾತ್ರ ಇಳಿಯಲಿಲ್ಲ.

ಆಮೇಲೆ ಕೇಳಿಬಂದ ಸುದ್ದಿ ಬೇರೆಯೇ. ಮೂವರೂ ಗುರುವಾರ ಸಂಜೆಯೇ ಹೋಳಿಗೆಂದು ರಜೆ ಹಾಕಿ ಹೋದರಂತೆ, ದಾರಿಯಲ್ಲಿ ಕಳ್ಳಭಟ್ಟಿ ಕುಡಿದು ಸತ್ತರಂತೆ. ಗುತ್ತಿಗೆದಾರನೇ ಪಾಪ ಹೆಣಗಳನ್ನು ಊರಿಗೆ ಮುಟ್ಟಿಸಿ ಬೆಂಕಿ ಕೊಡಿಸಿ ಬಂದನಂತೆ. ಹಾಜರಿ ಪುಸ್ತಕದಲ್ಲಿ ಶುಕ್ರವಾರ ಅವರ ಹೆಸರಿನ ಮುಂದೆ ಸೊನ್ನೆ. ಪುಸ್ತಕ ತಿದ್ದುವುದು ಕಾರ್ಖಾನೆಯವರಿಗೆ ಗೊತ್ತಿತ್ತು. ತಟ್ಟೆ ತಿದ್ದಬೇಕೆಂದು ಯಾರಿಗೂ ಹೊಳೆಯಲಿಲ್ಲ. ಶುಕ್ರವಾರ ಮಧ್ಯಾಹ್ನ ಆ ಮೂರು ತಟ್ಟೆಯನ್ನು ತೊಳೆದ ಕೈ ರಾಜಮ್ಮನದು. ಐವತ್ತೇಳರಲ್ಲಿ ಕಡಲೆಬೇಳೆಯ ನಾಲ್ಕು ಕಾಳು ಅಂಟಿಕೊಂಡಿದ್ದು ಕೂಡ ಅವಳಿಗೆ ನೆನಪಿತ್ತು.

ಬೇಸಿಗೆ ಶುರುವಾದಾಗ ಮಗನ್‌ನ ಹೆಂಡತಿ ರಮೀಲಾ ಗೇಟಿನ ಹತ್ತಿರ ಬಂದಳು. ಒಳಗೆ ಬಿಡಲಿಲ್ಲ. ಸೊಪ್ಪು ಬಿಡಿಸುತ್ತ ಕುಳಿತಿದ್ದ ರಾಜಮ್ಮನನ್ನು ಸರಳಿನಾಚೆಯಿಂದ ಕೂಗಿ ಕೇಳಿದಳು. "ಬೆನ್, ನನ್ನ ಗಂಡ ಹೆಂಡ ಮೂಸಿದವನೂ ಅಲ್ಲ. ಕುಡಿದು ಸತ್ತ ಅಂತ ಊರಲ್ಲಿ ನನ್ನ ಮಕ್ಕಳ ಮುಖಕ್ಕೇ ಹೇಳ್ತಾರೆ. ಒಂದೇ ಮಾತು ಹೇಳು. ಶುಕ್ರವಾರ ಅವನು ಇಲ್ಲಿ ಉಂಡನಾ?"

ರಾಜಮ್ಮ ವಾಚ್‌ಮನ್ನನ ಮುಖ ನೋಡಿದಳು. ಆಮೇಲೆ ಸೊಪ್ಪು ನೋಡಿದಳು. "ಖಬರ್ ನಥಿ" ಅಂದಳು. ಗೊತ್ತಿಲ್ಲ. ಇಪ್ಪತ್ತೆರಡು ವರ್ಷದಲ್ಲಿ ಕಲಿತ ಗುಜರಾತಿಯಲ್ಲಿ ಅಷ್ಟು ಭಾರದ ಎರಡು ಮಾತನ್ನು ಅವಳು ಆಡಿದ್ದೇ ಇಲ್ಲ. ರಮೀಲಾ ಬೈಯಲಿಲ್ಲ, ಅಳಲಿಲ್ಲ. ಸೆರಗು ತಲೆಗೆಳೆದುಕೊಂಡು ಬಸ್ಸಿನ ಕಡೆ ನಡೆದಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ರಾಜಮ್ಮನಿಗೆ ಒಂದು ವಿದ್ಯೆ ಗೊತ್ತಿತ್ತು, ಕಾರ್ಖಾನೆಯಲ್ಲಿ ಯಾರೂ ಲೆಕ್ಕಕ್ಕೆ ಹಿಡಿಯದ್ದು. ಐವತ್ತು ದಾಟಿದ ಮೇಲೆ, ಸಂಘದ ರಾತ್ರಿ ಶಾಲೆಯಲ್ಲಿ, ಬ್ಯಾಂಕಿನವರ ಹೆಂಡತಿ ಸುಮತಿ ಟೀಚರ ಹತ್ತಿರ ಮೂರು ಚಳಿಗಾಲ ಕೂತು ಅವಳು ಕನ್ನಡ ಓದು ಬರಹ ಕಲಿತಿದ್ದಳು. ಕಲಿತ ಹೊಸತರಲ್ಲಿ ಕುಣಿಯುತ್ತ ಹೋಗಿ ಸಂಬಳದ ಪುಸ್ತಕದಲ್ಲಿ ಸಹಿ ಹಾಕುತ್ತೇನೆಂದರೆ ಇದೇ ರಜನಿಭಾಯ್ ತಲೆ ಚಚ್ಚಿಕೊಂಡಿದ್ದ. "ನಿನ್ನ ದಾಖಲೆಯಲ್ಲಿ ಇರೋದು ಹೆಬ್ಬೆಟ್ಟು. ಈಗ ಸಹಿ ಅಂದರೆ ಬ್ಯಾಂಕಿಗೆ ಬರೀಬೇಕು, ನೋಟರಿ ಮಾಡಿಸಬೇಕು, ಫೋಟೋ ಬೇಕು. ಯಾಕೆ ಬೆನ್ ನನ್ನ ಪ್ರಾಣ ತಿಂತೀಯ, ಒತ್ತು ಹೆಬ್ಬೆಟ್ಟು!" ಒತ್ತಿದಳು. ಆಮೇಲೂ ಒತ್ತುತ್ತಲೇ ಬಂದಳು. ಅವಳು ಸಹಿ ಹಾಕಿದ್ದು ಒಂದೇ ಕಡೆ, ಕಳೆದ ಡಿಸೆಂಬರಿನಲ್ಲಿ ವೋಟು ಹಾಕುವಾಗ ಬೂತಿನ ಪುಸ್ತಕದಲ್ಲಿ. ಅಲ್ಲಿ ಯಾರೂ ಹಳೆಯ ದಾಖಲೆ ಕೇಳಲಿಲ್ಲ.

ಆ ವಿದ್ಯೆಯಿಂದಲೇ ಈಗ ಶುಕ್ರವಾರದ ಸಂಗತಿಯನ್ನು ಕಾಗದಕ್ಕಿಳಿಸಿದಳು. ಬರೆಯಲು ಏಳು ದಿನ ಹಿಡಿಯಿತು. ಒಂದೊಂದು ಅಕ್ಷರ ಜೋಳದ ಕಾಳಿನಷ್ಟು ದಪ್ಪ. ಯಾವ ದಿನ, ಯಾವ ತಟ್ಟೆ, ಏನು ಅಡುಗೆ, ಯಾವ ಟೆಂಪೊ, ಕಂಡದ್ದಷ್ಟೇ. ಗಂಡನಿಗೆ ಅಹಮದಾಬಾದಿಗೆ ವರ್ಗವಾಗಿ ಹೋಗಿದ್ದ ಸುಮತಿ ಟೀಚರು ಫೋನಿನಲ್ಲಿ ವಿಷಯ ಕೇಳಿ, ಅಲ್ಲಿನ ಕಾರ್ಖಾನೆ ಇನ್‌ಸ್ಪೆಕ್ಟರ ವಿಳಾಸವನ್ನು ಇಂಗ್ಲಿಷಿನಲ್ಲಿ ಬರೆದ ಕವರನ್ನೇ ಕಳಿಸಿದರು. "ಕನ್ನಡ ಬರಲ್ಲ ಅಂದ್ರೆ ನಾನೇ ಹೋಗಿ ಓದಿ ಹೇಳ್ತೀನಿ. ಆದ್ರೆ ಕೆಳಗೆ ಹೆಸರು ಇರ್ಬೇಕು ರಾಜಮ್ಮ. ಹೆಸರಿಲ್ಲದ ಕಾಗದ ಅಲ್ಲಿ ಯಾರೂ ಮುಟ್ಟಲ್ಲ" ಅಂದಿದ್ದರು.

ಹೆಸರಿನ ಜಾಗ ಖಾಲಿ ಉಳಿಯಿತು. ನಾಲ್ಕು ಶನಿವಾರ ರಾಜಮ್ಮ ಮಕರಪುರದ ಪೋಸ್ಟಾಫೀಸಿನ ಎದುರು ನಿಂತು ನಿಂತು ವಾಪಸು ಬಂದಳು. ಒಂದು ಸಲ ಮೆಟ್ಟಿಲನ್ನೂ ಹತ್ತಿದ್ದಳು. ಉಗುಳಿದರೆ ಕೋಣೆ ಹೋಗುತ್ತದೆ, ನುಂಗಿದರೆ ರಮೀಲಾ ಕಣ್ಣೆದುರು ನಿಲ್ಲುತ್ತಾಳೆ. ಕಾಗದ ಕವರಿನಲ್ಲಿ, ಕವರು ಪ್ಲಾಸ್ಟಿಕ್ಕಿನಲ್ಲಿ, ಪ್ಲಾಸ್ಟಿಕ್ಕು ಜೋಳದ ಹಿಟ್ಟಿನ ಡಬ್ಬಿಯ ತಳದಲ್ಲಿ ಕೂತಿತು.

ಕೃಪಾ ನಡುವೆ ಬಂದದ್ದು ಆಮೇಲೆ. ಶಿವಮೊಗ್ಗದ ಹುಡುಗಿ, ಇಪ್ಪತ್ನಾಲ್ಕು ವರ್ಷ. ಕಂಪ್ಯೂಟರ್ ಕಲಿಸುವ ಸೆಂಟರಿನಲ್ಲಿ ಕೆಲಸ, ಇನ್ನಿಬ್ಬರ ಜೊತೆ ಬಾಡಿಗೆ ಫ್ಲಾಟು. ಸಂಘಕ್ಕೊಂದು ಇಂಟರ್ನೆಟ್ ಪುಟ ಮಾಡಿಕೊಟ್ಟವಳೂ ಅವಳೇ. ಭಾನುವಾರದ ರೊಟ್ಟಿಗೆ ಮೊದಲು ತಟ್ಟೆ ಹಿಡಿಯುವವಳೂ ಅವಳೇ.

"ಅಜ್ಜಿ, ಇನ್ನೊಂದು ರೊಟ್ಟಿ."

"ಒಂದು ಹಲ್ಲು ಬಿದ್ದಿಲ್ಲ ನಂದು, ಅಜ್ಜಿ ಅಂತೀಯಲ್ಲೇ! ಮೊದ್ಲು ಇದನ್ನ ನೋಡಿ ಹೇಳು, ಒತ್ತಕ್ಷರ ಎಲ್ಲಾ ಸರಿ ಐತೇನು ಅಂತ."

ತಪ್ಪು ತಿದ್ದಿಸಲೆಂದೇ ರಾಜಮ್ಮ ಕಾಗದ ಕೊಟ್ಟಿದ್ದು. ಕೃಪಾ ಒಂದು ತಪ್ಪನ್ನೂ ತಿದ್ದಲಿಲ್ಲ. ಎರಡು ಸಲ ಓದಿದಳು. ಕೈಯಲ್ಲಿದ್ದ ರೊಟ್ಟಿ ಆರಿ ಹಪ್ಪಳವಾಯಿತು. "ಇದನ್ನ ಕಳಿಸಿಲ್ವಾ?" ಅಂದಳು. "ಹೆಸರು ಹಾಕ್ಬೇಕಂತೆ. ಹೆದ್ರಿಕಿ" ಅಂದಳು ರಾಜಮ್ಮ. "ಹೆಸರಿಲ್ದೆ ನಮ್ಮ ಪುಟಕ್ಕೆ ಹಾಕ್ಲಾ? ನಾಲ್ಕು ಜನ ಓದ್ತಾರೆ. ಯಾರು ಬರೆದಿದ್ದು ಅಂತ ಯಾರಿಗೂ ಗೊತ್ತಾಗಲ್ಲ."

ರಾಜಮ್ಮ ಹೂಂ ಅಂದಳು, ಕೃಪಾ ನಕಲು ಮಾಡಿಕೊಂಡು ಕಾಗದ ವಾಪಸು ಕೊಟ್ಟಳು. ಇಬ್ಬರೂ ಮಾಡಿದ ತಪ್ಪು ಅದೇ. ಹೆಸರು ಬಿಟ್ಟರು, ತಟ್ಟೆಯ ನಂಬರು ಬಿಡಲಿಲ್ಲ. ಆ ಕಾರ್ಖಾನೆಯಲ್ಲಿ ತಟ್ಟೆಯ ನಂಬರು ಬಾಯಿಪಾಠ ಇರುವ ಪ್ರಾಣಿ ಒಂದೇ ಒಂದು.

ಪುಟ ಒಂಬತ್ತು ದಿನ ಇತ್ತು. ಮೂವತ್ತೆಂಟು ಜನ ಕೆಳಗೆ ಬರೆದರು. ಕೃಪಾ ಅವನ್ನು ಅಚ್ಚು ಮಾಡಿ ತಂದು ಓದಿ ಹೇಳಿದಳು. ಒಬ್ಬ, ಇದೆಲ್ಲ ಸುಳ್ಳು, ಕಂಪನಿಗೆ ಕೆಟ್ಟ ಹೆಸರು ತರುವ ಸಂಚು ಅಂತ ಬೈದಿದ್ದ. ಸೂರತ್ತಿನ ಬಟ್ಟೆಗೆ ಬಣ್ಣ ಹಾಕುವ ಮಿಲ್ಲಿನಲ್ಲಿ ಗುಮಾಸ್ತನಾಗಿದ್ದ ಕನ್ನಡಿಗನೊಬ್ಬ ಎರಡೇ ಸಾಲು ಬರೆದಿದ್ದ. "ನಮ್ಮಲ್ಲಿ ತಟ್ಟೆಗೆ ನಂಬರಿಲ್ಲ. ಅದಕ್ಕೇ ಇಲ್ಲಿ ಯಾರು ಇಲ್ಲವಾದರೂ ತಿಳಿಯುವುದಿಲ್ಲ." ಅದನ್ನು ರಾಜಮ್ಮ ಮತ್ತೊಮ್ಮೆ ಓದಿಸಿಕೊಂಡಳು. ಅಹಮದಾಬಾದಿನ ಪತ್ರಿಕೆಯೊಂದರಿಂದ ಕಾರ್ಖಾನೆಗೆ ಫೋನು ಬಂತು. ಹತ್ತನೆಯ ದಿನ ಪುಟವಿರಲಿಲ್ಲ.

ತೆಗೆಸಿದವರು ಪರಕೀಯರಲ್ಲ. ಕಾರ್ಖಾನೆಯ ಪರ್ಸೊನೆಲ್ ಆಫೀಸರ್ ರಾಮಕೃಷ್ಣ ಸಾಹೇಬರೇ ಕನ್ನಡ ಸಂಘದ ಅಧ್ಯಕ್ಷರು. ಸಮಿತಿ ಸೇರಿದ ದಿನ ರಾಜಮ್ಮ ಪಕ್ಕದ ಅಡುಗೆಮನೆಯಲ್ಲಿ ಬಜ್ಜಿ ಕರಿಯುತ್ತಿದ್ದಳು. ಬಾಗಿಲು ತೆರೆದೇ ಇತ್ತು. "ನಾವು ಹೊರಗಿಂದ ಬಂದೋರು, ನಾಲ್ಕು ಜನರ ಜೊತೆ ಹೊಂದಿಕೊಂಡು ಇರ್ಬೇಕು. ರಾಜ್ಯೋತ್ಸವಕ್ಕೆ ಶಾಮಿಯಾನ ಕೊಡೋರು ಯಾರು, ಯೋಚಿಸಿ. ಪುಟ ತೆಗೆಯೋದು ಬೇಡ ಅನ್ನೋರು ಕೈ ಎತ್ತಿ" ಅಂದರು ರಾಮಕೃಷ್ಣ. ಕುರ್ಚಿ ಕಿರುಗುಟ್ಟಿದ ಸದ್ದು ಕೇಳಿತು. ಯಾರೂ ಎತ್ತಲಿಲ್ಲ. "ಸರ್ವಾನುಮತ ಅಂತ ಬರ್ಕೊಳ್ಳಿ." ಸದಸ್ಯಳಲ್ಲದ ರಾಜಮ್ಮನ ಕೈಯಲ್ಲಿ ಜಾಲರಿ ಸೌಟಿತ್ತು. ಅದೊಂದು ಅಷ್ಟೊತ್ತೂ ಎತ್ತಿದ ಹಾಗೇ ಇತ್ತು. ಬಜ್ಜಿ ಸೀದವು.

ಕೃಪಾ ಅಂದು ಅಡುಗೆಮನೆಗೆ ಬಂದು ಗೋಡೆಗೆ ಒರಗಿದಳು. "ಪಾಸ್‌ವರ್ಡ್ ಕೇಳಿದ್ರು. ಚೀಟಿ ಮೇಲೆ ಬರೆದು ಕೊಟ್ಬಿಟ್ಟೆ ಅಜ್ಜಿ. ನನ್ನ ಕೈಯೇ ಬರೀತು." ಆಮೇಲೆ ನಗಲು ನೋಡಿದಳು. "ಈ ವಾರ ಪೇಪರಲ್ಲಿ ಬಂದಿದೆ, ಸರ್ಕಾರದೋರು ಯಾವ್ದೋ ಒಂದು ಗುಂಪಿನ ಇಂಟರ್ನೆಟ್ ಪುಟ ಮುಚ್ಸೋಕೆ ಹೋಗಿ ದೇಶದಲ್ಲಿ ಸಾವಿರಾರು ಗುಂಪುಗಳ ಪುಟ ತೆರೀದಂಗೆ ಮಾಡಿಟ್ಟಿದಾರಂತೆ. ನಮ್ಮದೇನು ಮಹಾ!"

"ಒಂದು ಕಾಳಿಗೆ ಹುಳ ಬಿತ್ತು ಅಂತ ಚೀಲದ ಬಾಯಿ ಹೊಲಿದ್ರಾ?" ಅಂದಳು ರಾಜಮ್ಮ. "ಹೊಲೀಲಿ ಬಿಡು. ಸ್ಲೇಟು ಒದ್ದೆ ಬಟ್ಟೇಲಿ ಒರೆಸಿದ್ರೆ ಹೋದಂಗೆ ಕಾಣ್ತೈತಿ. ಒಣಗಿದ ಮ್ಯಾಲೆ ನೋಡು, ಅಕ್ಷರ ಮಸುಕಾಗಿ ಅಲ್ಲೇ ಕುಂತಿರ್ತಾವೆ."

ಹೇಳುವುದು ಸುಲಭ. ಮರುವಾರವೇ ರಾಜಮ್ಮನಿಗೆ ಗೇಟು ಮುಚ್ಚಿತು. ಈಗ ಕಾಗದ ಕಳಿಸುವ ಧೈರ್ಯ ಬಂದರೂ ದಾರಿಯಿರಲಿಲ್ಲ. ಒಳಗಿನಿಂದ ಹೋಗುವ ಪ್ರತಿ ಕಾಗದ ರಜನಿಭಾಯ್‌ನ ಮೇಜಿನ ಟ್ರೇಯಲ್ಲಿ ಬಿದ್ದೇ ಹೋಗಬೇಕು.

ನಿನ್ನೆ ಬೆಳಿಗ್ಗೆ ಕೃಪಾ ಗೇಟಿಗೆ ಬಂದಿದ್ದಳು. ರಮೀಲಾ ನಿಂತಿದ್ದ ಜಾಗದಲ್ಲೇ ನಿಂತಿದ್ದಳು. ಮುಖ ಬಾಡಿತ್ತು. ಕಾರ್ಖಾನೆಯವರು ಪೊಲೀಸರಿಗೆ ದೂರು ಕೊಟ್ಟಿದ್ದರು. ಕ್ಯಾಂಟೀನಿನ ಹೆಂಗಸು ನಿರಕ್ಷರಿ, ಅವಳಿಂದ ತಟ್ಟೆಯ ವಿವರ ಕೇಳಿಕೊಂಡು ಕೃಪಾ ಎಂಬವಳೇ ಸುಳ್ಳು ಕಾಗದ ಹೊಸೆದಿದ್ದಾಳೆ ಎಂದು. ಎರಡು ಸಲ ಠಾಣೆಗೆ ಕರೆಸಿದ್ದರು. ಸೆಂಟರಿನವರು ಬರಬೇಡ ಅಂದಿದ್ದರು. ಫ್ಲಾಟಿನ ಮಾಲೀಕ ತಿಂಗಳ ಕೊನೆಗೆ ಬಿಡು ಅಂದಿದ್ದ.

"ಮತ್ತೆ ಇನ್ನೊಂದು ಕಾಗದ ಮಾಡಿದಾರೆ ಅಜ್ಜಿ, ನಿಮ್ಮ ಹೆಬ್ಬೆಟ್ಟಿಗೆ. ನನಗೆ ಓದು ಬರಹ ಬರಲ್ಲ, ನಾನು ಬರೆದಿಲ್ಲ ಅಂತ. ಅದಾದ್ರೆ ನಿಮ್ಮನ್ನ ಬಿಟ್ಬಿಡ್ತಾರೆ."

"ನಿನ್ನ ಹಿಡೀತಾರೆ."

ಕೃಪಾ ಸರಳು ಹಿಡಿದುಕೊಂಡಳು. "ಒತ್ಬಿಡಿ. ನಾನು ಹೇಗೋ ಮಾಡ್ಕೋತೀನಿ, ಊರಿಗೆ ಹೋಗ್ತೀನಿ. ನಿಮಗೆಲ್ಲಿದೆ ಜಾಗ?"

"ಹಾಲು ಕುಡಿಯೋ ಬಾಯಿ, ನಂಗೆ ಬುದ್ಧಿ ಹೇಳಾಕ ಬಂದಾಳೆ. ಉಂಡೇನು?"

"ಇಲ್ಲ."

ವಾಚ್‌ಮನ್ ಕೋಲು ತಟ್ಟಿದ. ಕೃಪಾ ಹೋದಳು. ಉಂಡೆಯಾ ಎಂದು ತಾನೇ ಕೇಳಿದ ಮಾತು ರಾಜಮ್ಮನ ಕಿವಿಯಲ್ಲಿ ರಮೀಲಾಳ ದನಿಯಲ್ಲಿ ಮೊಳಗುತ್ತ ಉಳಿಯಿತು.

ಐವತ್ತೇಳನ್ನು ಬೋರಲು ಹಾಕಿ ರಾಜಮ್ಮ ಎದ್ದಳು. ಕೈ ತೊಳೆದಳು. ಒರೆಸಿಕೊಂಡಳು.

ಸಾಹೇಬರ ರೂಮಿನಲ್ಲಿ ಅವಳಿಗೆ ಕುರ್ಚಿ ಕೊಟ್ಟರು. ಕಪ್ಪಿನಲ್ಲಿ ಚಹಾ ತರಿಸಿದರು. ಹನ್ನೊಂದು ವರ್ಷ ಆ ಕಪ್ಪು ತೊಳೆದಿದ್ದಳೇ ಹೊರತು ಅದರಲ್ಲಿ ಕುಡಿದಿರಲಿಲ್ಲ. ರಾಮಕೃಷ್ಣ ಅವರದು ಮೈಸೂರು ಕಡೆ, ಮೆಲುಮಾತಿನ ಮನುಷ್ಯ. ದೊಡ್ಡಣ್ಣ ಸತ್ತಾಗ ಈ ಕೆಲಸ ಕೊಡಿಸಿದವರು ಅವರೇ.

"ಕುಡೀರಿ ರಾಜಮ್ಮ. ಹೆದರ್ಕೋಬೇಡಿ. ಯಾರೋ ಓದಿದ ಹುಡುಗಿ ನಿಮ್ಮ ಬಾಯಿಂದ ಏನೋ ಕೇಳ್ಕೊಂಡು ಕತೆ ಕಟ್ಟಿದ್ದಾಳೆ. ನಿಮಗೇನು ಗೊತ್ತು ಪಾಪ."

"ಕೃಪಾಗೆ ಏನ್ ಮಾಡ್ತಾರ್ರೀ?"

"ಅದು ಪೊಲೀಸ್ನೋರಿಗೆ ಬಿಟ್ಟಿದ್ದು." ಅವರು ಕನ್ನಡಕ ತೆಗೆದು ಒರೆಸಿದರು. "ನೋಡಿ, ನನಗೂ ಮೇಲಿನೋರು ಇದಾರೆ. ಇಬ್ರನ್ನೂ ಉಳಿಸೋಕೆ ನನ್ನ ಕೈಲಾಗಲ್ಲ. ಒಬ್ರನ್ನ ಉಳಿಸಬಹುದು. ನಿಮ್ಮನ್ನ ಅಂತ ಇಟ್ಕೊಂಡಿದೀನಿ."

ಆ ಮಾತಿನಲ್ಲಿ ಸುಳ್ಳಿರಲಿಲ್ಲ. ಅದಕ್ಕೇ ಅದು ರಾಜಮ್ಮನನ್ನು ಹೆಚ್ಚು ಕಟ್ಟಿಹಾಕಿತು. ಬೈಯುವವರ ಎದುರು ಗಟ್ಟಿಯಾಗಿ ನಿಲ್ಲಬಹುದು, ಚಹಾ ಕೊಟ್ಟವರ ಎದುರು ನಿಲ್ಲುವುದು ಕಷ್ಟ. ರಜನಿಭಾಯ್ ಮಸಿಪ್ಯಾಡಿನ ಮುಚ್ಚಳ ತೆಗೆದ. ಮೇಜಿನ ಮೇಲಿನ ಕಾಗದದಲ್ಲಿ ಮೇಲೆ ಇಂಗ್ಲಿಷು, ಕೆಳಗೆ ಕನ್ನಡ.

"ನಾಳೆ ತಿಳೀದೆ ಒತ್ತಿದೆ ಅನ್ನೋ ಹಾಗಾಗ್ಬಾರ್ದಲ್ಲ, ಅದಕ್ಕೆ ನಾನೇ ಕನ್ನಡದಲ್ಲೂ ಬರೆಸಿದೀನಿ. ಓದಿ ಹೇಳ್ಲಾ?"

"ಬ್ಯಾಡ್ರಿ" ಅಂದಳು ರಾಜಮ್ಮ. ಮಸಿಯ ಕಡೆಗೆ ಹೋದ ಕೈಯನ್ನು ಅವಳೇ ನೋಡುತ್ತಿದ್ದಳು. ಎಷ್ಟು ವರ್ಷದ ಅಭ್ಯಾಸ, ಹೆಬ್ಬೆರಳು ತಾನಾಗಿಯೇ ದಾರಿ ಹಿಡಿದಿತ್ತು. ನನ್ನ ಕೈಯೇ ಬರೀತು ಅಂದಿದ್ದಳಲ್ಲ ಕೃಪಾ, ಹಾಗೆ. ಅವಳು ಕೈಯನ್ನು ಎಳೆದುಕೊಂಡು ಕಾಗದದ ಮೇಲಿಟ್ಟಳು. ತೋರುಬೆರಳು ಮೊದಲ ಸಾಲಿನ ಕೆಳಗೆ ಬಂದು ನಿಂತಿತು. ರಾತ್ರಿ ಶಾಲೆಯಲ್ಲಿ ಓದುತ್ತಿದ್ದ ಹಾಗೆ, ಬೆರಳು ಸರಿಸುತ್ತ, ಗಟ್ಟಿಯಾಗಿ ಓದಿದಳು.

"ನನಗೆ... ಓದಲು... ಬರೆಯಲು... ಬರುವುದಿಲ್ಲ."

ರಾಮಕೃಷ್ಣ ಅವರ ಕನ್ನಡಕ ಕೈಯಲ್ಲೇ ಉಳಿಯಿತು. ಕನ್ನಡ ತಿಳಿಯದ ರಜನಿಭಾಯ್ ಒಮ್ಮೆ ಇವರ ಮುಖ, ಒಮ್ಮೆ ಅವಳ ಬೆರಳು ನೋಡಿದ.

"ಅಕ್ಷರ ಚಲೋ ಬಂದಾವ್ರಿ" ಅಂದಳು ರಾಜಮ್ಮ. "ಪೆನ್ನು ಕೊಡ್ತೀರಾ?"

"ಯಾರು ಕಲ್ಸಿದ್ರು ನಿಮಗೆ?"

"ನಿಮ್ ಸಂಘದೋರೇ. ಕಲಿತಿದ್ದಕ್ಕ ಸ್ಟೇಜಿನ ಮ್ಯಾಲೆ ನೀವೇ ಒಂದು ಟಿಫನ್ ಡಬ್ಬಿ ಕೊಟ್ರಿ. ಸುಮತಿ ಟೀಚರ ಹತ್ರ ಫೋಟೋ ಐತಿ. ನಾನು ತಟ್ಟೆ ತೊಳೆಯಾಕಿ, ಸೀರೆ ಬದಲಿಸಿದ್ದೆ, ನಿಮಗೆ ಗುರುತು ಹತ್ತಿರಾಕಿಲ್ಲ."

ಮೇಜಿನ ಮೇಲಿದ್ದ ಪೆನ್ನನ್ನು ಅವಳೇ ತೆಗೆದುಕೊಂಡಳು. ಓದು ಬರಹ ಬರುವುದಿಲ್ಲ ಎಂಬ ಆ ಹೇಳಿಕೆಯ ಕೆಳಗೆ, ಹೆಬ್ಬೆಟ್ಟಿಗೆಂದು ಬಿಟ್ಟಿದ್ದ ಚೌಕದಲ್ಲಿ, ಜೋಳದ ಕಾಳಿನಂಥ ಅಕ್ಷರದಲ್ಲಿ ಬರೆದಳು. ರಾಜಮ್ಮ ಕೋಂ ದೊಡ್ಡಣ್ಣ. ಹೆಸರು ಚೌಕದಲ್ಲಿ ಹಿಡಿಸದೆ ಗೆರೆ ದಾಟಿ ಹೋಯಿತು.

"ಇದನ್ನ ಹರಿದು ಇನ್ನೊಂದು ಪ್ರಿಂಟ್ ತೆಗಿ" ಅಂದರು ರಾಮಕೃಷ್ಣ, ಹಿಂದಿಯಲ್ಲಿ.

"ಎಷ್ಟು ತೆಗೆದ್ರೂ ಅಷ್ಟಕ್ಕೂ ಸಹಿ ಹಾಕ್ತೀನ್ರಿ. ಹೊಸದಾಗಿ ಕಲ್ತಾಕಿ, ಬೇಸರ ಇಲ್ಲ ನಂಗೆ."

ರಾಮಕೃಷ್ಣ ಕೂಗಾಡಲಿಲ್ಲ. ಹತ್ತು ವರ್ಷ ವಯಸ್ಸಾದವರ ಹಾಗೆ ಕುರ್ಚಿಗೊರಗಿದರು. "ಇದರಿಂದ ಏನಾಗುತ್ತೆ ಗೊತ್ತಾ ನಿಮಗೆ?" ಅಂದರು.

"ಗೊತ್ತೈತ್ರಿ. ಅದಕ್ಕ ಆರು ತಿಂಗ್ಳು ಹಿಡೀತು."

"ಗೇಟ್ ಪಾಸ್ ಬರ್ಕೊಡು" ಅಂದರು ಅವರು ರಜನಿಭಾಯ್‌ಗೆ. "ಇವತ್ತೇ ರೂಮ್ ಖಾಲಿ ಮಾಡ್ಲಿ."

ರಾಜಮ್ಮನ ಕೋಣೆಯಲ್ಲಿ ಕಟ್ಟಲು ಹೆಚ್ಚೇನೂ ಇರಲಿಲ್ಲ. ನಾಲ್ಕು ಸೀರೆ, ದೊಡ್ಡಣ್ಣನ ಫೋಟೋ, ಸ್ಲೇಟು, ಟಿಫನ್ ಡಬ್ಬಿ, ಹಿಟ್ಟಿನ ಡಬ್ಬಿ. ಎಲ್ಲಿಗೆ ಹೋಗುವುದೆಂದು ಅವಳಿಗೆ ತಿಳಿದಿರಲಿಲ್ಲ. ಒಂದು ಮಾತು ಮಾತ್ರ ತಲೆಯಲ್ಲಿ ಸುತ್ತುತ್ತಿತ್ತು. ಮೂರು ವಾರದಿಂದ ಬೇಡಿದರೂ ತೆಗೆಯದ ಗೇಟನ್ನು ಈಗ ಅವರೇ ತೆಗೆಯುತ್ತಿದ್ದಾರೆ. ಹೋಗುವ ಮುನ್ನ ಕ್ಯಾಂಟೀನಿಗೆ ಹೋಗಿ ಮೂರು ತಟ್ಟೆಯನ್ನು ಒರೆಸಿ, ಅವುಗಳ ಜಾಗದಲ್ಲೇ, ನಂಬರು ಮುಂದೆ ಕಾಣುವ ಹಾಗೆ ನಿಲ್ಲಿಸಿದಳು. ತೆಗೆದುಕೊಂಡು ಹೋಗಬೇಕೆನ್ನಿಸಿತು. ಆದರೆ ಕಳ್ಳಿ ಅನ್ನಲು ಅವರಿಗೊಂದು ನೆಪ ಕೊಟ್ಟಂತಾಗುತ್ತದೆ.

ಗೇಟಿನಲ್ಲಿ ವಾಚ್‌ಮನ್ ಗಂಟು ಬಿಚ್ಚಿಸಿದ. ಸೀರೆ ಝಾಡಿಸಿದ. ಟಿಫನ್ ಡಬ್ಬಿ ತೆರೆದ. ಹಿಟ್ಟಿನ ಡಬ್ಬಿಯ ಮುಚ್ಚಳ ತೆಗೆದು ಬೆರಳಿಡಲು ಹೋದ.

"ಜೋಳದ ಹಿಟ್ಟು" ಅಂದಳು. "ಹುಳ ಬಿದ್ದೈತಿ. ಬೇಕೇನು?" ಕನ್ನಡದಲ್ಲೇ ಅಂದುಬಿಟ್ಟಿದ್ದಳು. ಅವನಿಗೆ ಏನು ತಿಳಿಯಿತೋ, ಮೂಗು ಸೊಟ್ಟ ಮಾಡಿ ಮುಚ್ಚಳ ಒತ್ತಿದ.

ಪೋಸ್ಟಾಫೀಸು ಕಾಲು ಗಂಟೆಯ ದಾರಿ. ರಿಜಿಸ್ಟರ್ ಕೌಂಟರಿನ ಮುಂದೆ ಇಬ್ಬರಿದ್ದರು. ರಾಜಮ್ಮ ಬೆಂಚಿನ ಮೇಲೆ ಕೂತು ಡಬ್ಬಿಯೊಳಗೆ ಮೊಣಕೈವರೆಗೆ ಕೈ ಇಳಿಸಿದಳು. ಪ್ಲಾಸ್ಟಿಕ್ಕು ಸಿಕ್ಕಿತು. ಒದರಿದಳು. ಹಿಟ್ಟು ಮಡಿಲ ತುಂಬ ಹಾರಿತು. ಕಾಗದ ಬಿಡಿಸಿ ಕೊನೆಯ ಖಾಲಿ ಜಾಗ ನೋಡಿದಳು. ಕೌಂಟರಿಗೆ ದಾರದಲ್ಲಿ ಕಟ್ಟಿದ ಪೆನ್ನು ಅಲ್ಲಿಯವರೆಗೆ ಬರುತ್ತಿರಲಿಲ್ಲ, ಅವಳೇ ಎದ್ದು ಹೋಗಿ ಬಗ್ಗಿ ನಿಂತು ಸಹಿ ಹಾಕಿದಳು. ಅದೇ ದಿನದ ಎರಡನೇ ಸಹಿ. ಸಹಿಯ ಕೆಳಗೆ ಮತ್ತೊಂದು ಸಾಲು ಸೇರಿಸಿದಳು. "ಈ ಕಾಗದವನ್ನು ನಾನೇ ಬರೆದೆ. ಕೃಪಾ ಬರೆದಿದ್ದಲ್ಲ. ಮಗನ್ ಶುಕ್ರವಾರ ಉಂಡಿದ್ದ." ಅಂಟು ಹಚ್ಚಿ ಕವರು ಮುಚ್ಚಿದಳು.

ಕೌಂಟರಿನಾಚೆಯ ಹೆಂಗಸು ರಶೀದಿ ಬರೆಯುತ್ತ ಕೇಳಿದಳು, "ಕಾಗದ ಮುಟ್ಟಿತು ಅಂತ ಅವರ ಸಹಿ ಹಾಕಿಸಿ ವಾಪಸು ಬರೋ ಕಾರ್ಡು ಬೇಕಾ? ಬೇಕಾದರೆ ನಿಮ್ಮ ವಿಳಾಸ ಇದರಲ್ಲಿ ಬರೀರಿ. ಬರೆಯೋಕೆ ಬರುತ್ತಾ?"

"ನಿಮ್ಮ ಅಕ್ಷರ ಬರಲ್ಲ, ನನ್ನದು ಬರುತ್ತೆ" ಅಂದಳು ರಾಜಮ್ಮ ಗುಜರಾತಿಯಲ್ಲಿ. "ನೀವೇ ಬರ್ಕೊಳ್ಳಿ."

"ಹೇಳಿ. ಕಾರ್ಡು ವಾಪಸು ಎಲ್ಲಿಗೆ ಬರಬೇಕು?"

ರಾಜಮ್ಮ ಯೋಚಿಸಿದಳು. ಇಂದು ರಾತ್ರಿ ಎಲ್ಲಿ ಮಲಗುವುದೆಂದೇ ಗೊತ್ತಿಲ್ಲದವಳಿಗೆ ವಿಳಾಸವೆಲ್ಲಿ. ಆಮೇಲೆ ಅವಳ ಮುಖದಲ್ಲಿ, ಎಷ್ಟೋ ದಿನದ ಮೇಲೆ, ಒಂದು ಸಣ್ಣ ನಗು ಬಂತು. ಆ ಕಾರ್ಡು ಹೋಗಿ ಯಾರ ಟ್ರೇಯಲ್ಲಿ ಬೀಳುತ್ತದೆ, ಯಾರ ಮೇಜಿಗೆ ಮುಟ್ಟುತ್ತದೆ ಎಂಬುದು ಅವಳಿಗೆ ಗೊತ್ತಿತ್ತು.

"ರಾಜಮ್ಮ" ಅಂದಳು. "ರಾಜುಬೆನ್ ಅಲ್ಲ, ರಾಜಮ್ಮ ಅಂತಲೇ ಬರೀರಿ." ಆಮೇಲೆ ಕಾರ್ಖಾನೆಯ ಹೆಸರು ಹೇಳಿದಳು. "ಕ್ಯಾಂಟೀನು, ಮಕರಪುರ."

ಹೆಂಗಸು ಬರೆದಳು. ಕವರಿನ ಮೇಲೆ ಇನ್ನೂ ಅಂಟಿದ್ದ ಹಿಟ್ಟನ್ನು ಅಂಗೈಯಲ್ಲಿ ಒರೆಸಿ, ಠಪ್ ಠಪ್ ಎಂದು ಎರಡು ಸಲ ಮುದ್ರೆ ಒತ್ತಿ, ತಿರುಗಿ ನೋಡದೆಯೇ ಹಿಂದಿದ್ದ ಅಹಮದಾಬಾದಿನ ಚೀಲಕ್ಕೆ ಎಸೆದಳು.